ಆಡದ ಪಂದ್ಯಕ್ಕೆ 3–0: ಸಣ್ಣ ಫುಟ್‌ಬಾಲ್ ಕ್ಲಬ್ಬಿನ ಹೆಸರು ಕೆಡುವುದು ಎಲ್ಲಿ?

ಮಳೆ ಹಿಂದೆ ಸರಿದು ಮೈದಾನಗಳು ಒಣಗುತ್ತಿದ್ದಂತೆ ಉತ್ತರ ಕನ್ನಡದಲ್ಲಿ ಫುಟ್‌ಬಾಲ್ ಪಂದ್ಯಾವಳಿಗಳ ಸುದ್ದಿ ಬರತೊಡಗುತ್ತದೆ. ಅದರಲ್ಲಿ ಆಗಾಗ ಕಾಣುವ ಒಂದು ಸಾಲು ಓದುಗರನ್ನು ಗಲಿಬಿಲಿಗೊಳಿಸುತ್ತದೆ: ‘ಎದುರಾಳಿ ತಂಡ ಮೈದಾನಕ್ಕೆ ಬಾರದ ಕಾರಣ 3–0ರಿಂದ ಜಯ’. ಯಾರೂ ಚೆಂಡು ಒದೆಯಲಿಲ್ಲ, ಗೋಲು ಮಾತ್ರ ಮೂರು ದಾಖಲಾದವು. ಕೆಲವು ವಾರ ಕಳೆದ ಮೇಲೆ ಅದೇ ತಂಡವನ್ನು ಇನ್ನೊಂದು ಪಂದ್ಯಾವಳಿಗೆ ಕರೆಯಲಿಲ್ಲ ಎಂಬ ತಕರಾರು ಕೇಳಿಬರುತ್ತದೆ. ಹಿಂದೆಯೇ ‘ಅವರು ಬಂದರೆ ಗಲಾಟೆ ಗ್ಯಾರಂಟಿ’ ಎಂಬ ಮಾತೂ ಹರಡುತ್ತದೆ. ಚೆನ್ನಾಗಿಯೇ ಆಡುವ ತಂಡಕ್ಕೆ ಇಂಥ ಹೆಸರು ಅಂಟುವುದು ಹೇಗೆ?

ಕಾರಣ ಎರಡಿವೆ. ಒಂದು ಪಕ್ಕದೂರಿನ ಪೈಪೋಟಿ, ಇನ್ನೊಂದು ಪಂದ್ಯಕ್ಕೆ ಹೋಗಿಬರುವ ದಾರಿ. ಇವೆರಡನ್ನೂ ಬಿಡಿಬಿಡಿಯಾಗಿ ನೋಡುವುದು ರೂಢಿ. ಆದರೆ ಇವು ಒಂದಕ್ಕೊಂದು ಗಂಟು ಬಿದ್ದಿವೆ. ಊರಿನವರು ಕ್ಲಬ್ಬನ್ನು ಗುರುತಿಸುವುದು ಅದರ ಪೈಪೋಟಿಯಿಂದ, ಹೊರಗಿನವರು ಗುರುತಿಸುವುದು ಅದು ಬಂದುಹೋದ ರೀತಿಯಿಂದ. ಪ್ರಯಾಣ ಕೆಟ್ಟ ದಿನವೇ ಪೈಪೋಟಿ ಜಗಳಕ್ಕೆ ತಿರುಗುವುದು ಹೆಚ್ಚು.

ಮೂರು ಗೋಲಿನ ಲೆಕ್ಕ

3–0 ಎಂಬುದು ಸಂಘಟಕರು ಮನಸ್ಸಿಗೆ ಬಂದಂತೆ ಬರೆದ ಅಂಕಿಯಲ್ಲ. ಫಿಫಾದ ಶಿಸ್ತು ಸಂಹಿತೆಯ ಪ್ರಕಾರ ಹನ್ನೊಂದು ಮಂದಿಯ ಆಟದಲ್ಲಿ ಪಂದ್ಯ ಬಿಟ್ಟುಕೊಟ್ಟ ತಂಡ 3–0ರಿಂದ ಸೋತಂತೆ. ಒಳಾಂಗಣದ ಫುಟ್ಸಾಲ್‌ನಲ್ಲಿ ಇದು 5–0, ಬೀಚ್ ಸಾಕರ್‌ನಲ್ಲಿ 10–0. ಲೀಗ್‌ಗಳಲ್ಲಿ ಗೋಲು ಅಂತರವೂ ಸ್ಥಾನ ನಿರ್ಧರಿಸುವುದರಿಂದ, ಬಾರದ ತಂಡಕ್ಕೆ ನಷ್ಟವಾಗಲಿ, ಬಂದು ಕಾದ ತಂಡಕ್ಕೆ ಅನ್ಯಾಯವಾಗದಿರಲಿ ಎಂಬುದು ಇದರ ಉದ್ದೇಶ.

ಬರದೇ ಇರುವುದಷ್ಟೇ ಇದಕ್ಕೆ ಕಾರಣವಲ್ಲ. ಆಟದ ಮೂರನೇ ನಿಯಮದಂತೆ ಯಾವುದೇ ತಂಡದಲ್ಲಿ ಏಳಕ್ಕಿಂತ ಕಡಿಮೆ ಆಟಗಾರರಿದ್ದರೆ ಪಂದ್ಯ ಆರಂಭವಾಗುವಂತಿಲ್ಲ, ಮುಂದುವರಿಯುವಂತೆಯೂ ಇಲ್ಲ. ಎರಡು ಕಾರುಗಳಲ್ಲಿ ಹೊರಟ ತಂಡದ ಒಂದು ಕಾರು ದಾರಿಯಲ್ಲಿ ಸಿಕ್ಕಿಕೊಂಡು, ಮೈದಾನದಲ್ಲಿ ಆರೇ ಜನ ನಿಂತಿದ್ದರೆ ರೆಫರಿ ಏನೂ ಮಾಡಲಾರರು. ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ಪಂದ್ಯಾವಳಿಯ ನಿಯಮ ಹೇಳುತ್ತದೆ. ಸಾಮಾನ್ಯವಾಗಿ 15 ನಿಮಿಷ, ಉದಾರಿಗಳಾದರೆ 30.

ಆ 30 ನಿಮಿಷವೂ ಕರಾವಳಿಯಲ್ಲಿ ದುಬಾರಿ. ಡಿಸೆಂಬರ್‌ನಲ್ಲಿ ಕಾರವಾರದಲ್ಲಿ ಸಂಜೆ ಆರು ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ. 90 ನಿಮಿಷದ ಆಟ, ನಡುವೆ 15 ನಿಮಿಷದ ವಿರಾಮ, ಗಾಯಕ್ಕೆಂದು ಸೇರಿಸುವ ಐದಾರು ನಿಮಿಷ ಕೂಡಿಸಿದರೆ, ನಾಲ್ಕಕ್ಕೆ ಶುರುವಾದ ಪಂದ್ಯ ಆರರ ಹತ್ತಿರಕ್ಕೆ ಮುಗಿಯುತ್ತದೆ. ನಾಲ್ಕೂವರೆಗೆ ಶುರುವಾದರೆ ಕೊನೆಯ ಕಾಲು ಗಂಟೆ ಚೆಂಡೇ ಸರಿಯಾಗಿ ಕಾಣದು. ಹೊನಲು ಬೆಳಕಿಲ್ಲದ ಮೈದಾನದಲ್ಲಿ ಸಂಘಟಕರು ಗಡಿಯಾರ ನೋಡಿ ಕಟ್ಟುನಿಟ್ಟಾಗುವುದು ಹಟದಿಂದಲ್ಲ.

ಪಕ್ಕದೂರಿನ ಪೈಪೋಟಿ

ಒಂದೇ ಊರಿನ ಅಥವಾ ಅಕ್ಕಪಕ್ಕದ ಊರುಗಳ ತಂಡಗಳ ಹಣಾಹಣಿಗೆ ಡರ್ಬಿ ಎನ್ನುತ್ತಾರೆ. ದೊಡ್ಡ ಲೀಗ್‌ನ ಡರ್ಬಿಗೂ ಊರಿನ ಡರ್ಬಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಕೋಲ್ಕತ್ತಾದಲ್ಲಿ ಮೋಹನ್ ಬಾಗಾನ್–ಈಸ್ಟ್ ಬೆಂಗಾಲ್ ಆಟಗಾರರಲ್ಲಿ ಅನೇಕರು ಬೇರೆ ಊರು, ಬೇರೆ ದೇಶದವರು. ಕರಾವಳಿಯ ಸಣ್ಣ ಕ್ಲಬ್‌ಗಳಲ್ಲಿ ಎರಡೂ ಕಡೆ ಆಡುವವರು ಒಂದೇ ಶಾಲೆಯಲ್ಲಿ ಓದಿದವರು, ಒಂದೇ ಬೋಟಿನಲ್ಲಿ ದುಡಿಯುವವರು, ಸಂಬಂಧದಲ್ಲಿ ಮಾವ–ಅಳಿಯಂದಿರು. ಮೈದಾನದಲ್ಲಿ ಆದ ಫೌಲ್ ಮರುದಿನ ಮೀನು ಮಾರ್ಕೆಟ್ಟಿನಲ್ಲಿ ಮಾತಾಗುತ್ತದೆ, ಮುಂದಿನ ವಾರ ಮದುವೆ ಮನೆಯಲ್ಲೂ ಎದುರಾಗುತ್ತದೆ. ಹಾಗಾಗಿ ಇಲ್ಲಿ ಸಿಟ್ಟು ಬೇಗ ಏರುತ್ತದೆ. ಬೇಗ ಇಳಿಯುವುದೂ ಇದೇ ಕಾರಣಕ್ಕೆ. ಎರಡೂ ಕಡೆಯ ಹಿರಿಯರು ಒಬ್ಬರಿಗೊಬ್ಬರು ಪರಿಚಿತರು, ಫೋನು ಮಾಡಿ ಮಾತಾಡಿಕೊಳ್ಳಬಲ್ಲರು.

ಈ ಪೈಪೋಟಿ ಕ್ಲಬ್ಬಿಗೆ ಕೊಡುವುದೂ ಬಹಳ. ಉಳಿದ ದಿನ ಬೆರಳೆಣಿಕೆಯ ಪ್ರೇಕ್ಷಕರಿರುವ ಮೈದಾನ ಆ ಒಂದು ದಿನ ತುಂಬುತ್ತದೆ. ಫ್ಲೆಕ್ಸ್‌ಗೆ, ಜೆರ್ಸಿಗೆ, ಟ್ರೋಫಿಗೆ ದುಡ್ಡು ಹಾಕುವ ಅಂಗಡಿಯವರು ಕೇಳುವ ಮೊದಲ ಪ್ರಶ್ನೆಯೇ ‘ಎದುರು ಯಾರು?’ ಎಂಬುದು. ಕಬಡ್ಡಿ, ವಾಲಿಬಾಲ್, ಟೆನಿಸ್ ಬಾಲ್ ಕ್ರಿಕೆಟ್ ಇಷ್ಟೊಂದು ನಡೆಯುವ ಜಿಲ್ಲೆಯಲ್ಲಿ ಫುಟ್‌ಬಾಲ್‌ಗೆ ಜನ ಸೇರಿಸುವ ಶಕ್ತಿ ಮುಖ್ಯವಾಗಿ ಇಂಥ ಪಂದ್ಯಗಳಿಗೇ ಇದೆ.

ಕೆಡುವುದು ಎಲ್ಲಿ ಎಂದರೆ, ಸೋಲಬಾರದು ಎಂಬ ಒತ್ತಡ ತಂಡದ ಆಯ್ಕೆಗೆ ಕೈ ಹಾಕಿದಾಗ. ಊರಿನ ಹುಡುಗರನ್ನು ಬೆಂಚಿಗೆ ಕೂರಿಸಿ ಗೋವಾದಿಂದಲೋ ಹುಬ್ಬಳ್ಳಿಯಿಂದಲೋ ‘ಗೆಸ್ಟ್ ಪ್ಲೇಯರ್’ ತರುವುದು ಆಗ ಶುರುವಾಗುತ್ತದೆ. ಮಾನ್ಯತೆ ಪಡೆದ ಲೀಗ್‌ನಲ್ಲಿ ಇದು ಆಗದ ಮಾತು, ಏಕೆಂದರೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಸಿಆರ್‌ಎಸ್ ಎಂಬ ಆನ್‌ಲೈನ್ ನೋಂದಣಿಯಲ್ಲಿ ಆಟಗಾರ ಯಾವ ಕ್ಲಬ್ಬಿಗೆ ಸೇರಿದವನೆಂಬುದು ದಾಖಲಾಗಿರುತ್ತದೆ. ಆಹ್ವಾನಿತ ಪಂದ್ಯಾವಳಿಗಳಲ್ಲಿ ಹೆಚ್ಚೆಂದರೆ ಆಧಾರ್ ಕಾರ್ಡ್ ನೋಡುತ್ತಾರೆ. ಸೋತ ತಂಡ ಆಕ್ಷೇಪಣೆ ಸಲ್ಲಿಸುತ್ತದೆ, ಬಹುಮಾನ ವಿತರಣೆ ನಿಲ್ಲುತ್ತದೆ. ಗೆದ್ದವರಿಗೆ ‘ಬಾಡಿಗೆ ತಂಡ’ ಎಂಬ ಹೆಸರು, ಸೋತವರಿಗೆ ‘ತಕರಾರಿನವರು’ ಎಂಬ ಹೆಸರು ಬರುತ್ತದೆ. ಒಂದೇ ಸಂಜೆಯಲ್ಲಿ ಎರಡು ಕ್ಲಬ್‌ಗಳು ಕೆಟ್ಟವು.

ಘಟ್ಟ, ಸೇತುವೆ, ರೈಲು ಟಿಕೆಟ್

ಜಿಲ್ಲೆಯ ಹನ್ನೆರಡು ತಾಲ್ಲೂಕುಗಳಲ್ಲಿ ಐದು ಕಡಲಂಚಿನವು: ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ. ಇವನ್ನು ರಾಷ್ಟ್ರೀಯ ಹೆದ್ದಾರಿ 66 ಮತ್ತು ಕೊಂಕಣ ರೈಲ್ವೆ ಒಂದೇ ಸಾಲಿನಲ್ಲಿ ಜೋಡಿಸುತ್ತವೆ. ಉಳಿದ ಏಳು ಘಟ್ಟದ ಮೇಲಿವೆ. ಶಿರಸಿಯಿಂದ ಕಾರವಾರ ಸುಮಾರು 120 ಕಿ.ಮೀ. ನಕ್ಷೆ ನೋಡಿದರೆ ಎರಡು ಗಂಟೆಯ ದಾರಿ, ಘಟ್ಟ ಇಳಿಯುವ ಬಸ್ಸಿಗೆ ಮೂರರಿಂದ ಮೂರೂವರೆ ಗಂಟೆ. ಈ ದಾರಿಯ ದೇವಿಮನೆ ಘಟ್ಟದಲ್ಲಿ ಕಾಮಗಾರಿಗೋ ಗುಡ್ಡ ಕುಸಿತಕ್ಕೋ ಸಂಚಾರ ನಿಂತರೆ ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ ಸುತ್ತಿ ಬರಬೇಕು. ಆಗ ದೂರ 150 ಕಿ.ಮೀ. ಆಸುಪಾಸು.

2024 ಈ ದಾರಿಗಳ ಪಾಡೇನು ಎಂಬುದನ್ನು ತೋರಿಸಿಕೊಟ್ಟಿತು. ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಹೆದ್ದಾರಿ ದಿನಗಟ್ಟಲೆ ಮುಚ್ಚಿತು. ಆಗಸ್ಟ್ 7ರ ನಸುಕಿನಲ್ಲಿ ಕಾರವಾರ–ಸದಾಶಿವಗಡ ನಡುವಿನ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಗೋವಾ ಕಡೆಗೆ ಹೋಗುವ, ಅಲ್ಲಿಂದ ಬರುವ ವಾಹನಗಳೆಲ್ಲ ಹೊಸ ಸೇತುವೆಯೊಂದರ ಮೇಲೇ ಸಾಗಬೇಕಾಯಿತು. ಆಟದ ಋತು ಅಕ್ಟೋಬರ್ ನಂತರವೇ ಆದರೂ ರಸ್ತೆಗಾದ ಪೆಟ್ಟು ಮಳೆಯೊಂದಿಗೆ ಮುಗಿಯುವುದಿಲ್ಲ. ದುರಸ್ತಿ, ಏಕಮುಖ ಸಂಚಾರ, ವೇಗಮಿತಿ ಎಲ್ಲ ಬರುವುದು ಒಣ ತಿಂಗಳುಗಳಲ್ಲಿ, ಅಂದರೆ ಪಂದ್ಯಗಳಿರುವಾಗಲೇ.

ಬೆಂಗಳೂರಿನ ದಾರಿಯ ಕಷ್ಟ ಬೇರೆ ಬಗೆಯದು. ರಾಜ್ಯ ಫುಟ್‌ಬಾಲ್ ಸಂಸ್ಥೆಯ ಸೂಪರ್ ಡಿವಿಷನ್ ಲೀಗ್ ನಡೆಯುವುದು ರಾಜಧಾನಿಯಲ್ಲಿ. ಅಲ್ಲಿಂದಲೇ ರಾಷ್ಟ್ರೀಯ ಲೀಗ್‌ಗಳ ಕೆಳ ಹಂತಗಳಿಗೆ ಹತ್ತುವ ಮೆಟ್ಟಿಲು. ಕರಾವಳಿಯ ಕ್ಲಬ್ಬೊಂದು ಆ ಕನಸು ಕಂಡರೆ ಪ್ರತಿ ಪಂದ್ಯಕ್ಕೂ 500 ಕಿ.ಮೀ. ಮೀರಿದ ಪ್ರಯಾಣ ಮಾಡಬೇಕು. ಕಾರವಾರದಿಂದ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ರಾತ್ರಿಯಿಡೀ ಓಡಿ 13–14 ಗಂಟೆಗೆ ಬೆಂಗಳೂರು ಮುಟ್ಟಿಸುತ್ತದೆ. ರೈಲ್ವೆಯ ಮುಂಗಡ ಬುಕಿಂಗ್ ತೆರೆಯುವುದು 60 ದಿನ ಮೊದಲು, ಪಂದ್ಯದ ದಿನ ಖಚಿತವಾಗುವುದು ಬಹಳ ಸಲ ವಾರದ ಮೊದಲು. ಅಷ್ಟರಲ್ಲಿ ಸೀಟು ಖಾಲಿ. ಸಾಮಾನ್ಯ ಟಿಕೆಟ್‌ನಲ್ಲಿ ಒಂದು ಪಿಎನ್‌ಆರ್‌ಗೆ ಆರು ಜನ, ತತ್ಕಾಲ್‌ನಲ್ಲಿ ನಾಲ್ಕೇ ಜನ. ಇಪ್ಪತ್ತು ಜನರ ತಂಡಕ್ಕೆ ತತ್ಕಾಲ್‌ನಲ್ಲಿ ಐದು ಟಿಕೆಟ್ ಏಕಕಾಲಕ್ಕೆ ಸಿಗಬೇಕು. ಮೂರು ಸಿಕ್ಕು ಎರಡು ತಪ್ಪಿದರೆ ಹನ್ನೆರಡು ಜನ ಬರ್ತ್‌ನಲ್ಲಿ ಮಲಗಿ ಹೋಗುತ್ತಾರೆ, ಉಳಿದ ಎಂಟು ಜನ ಜನರಲ್ ಬೋಗಿಯಲ್ಲಿ ನಿಂತು ಹೋಗುತ್ತಾರೆ. ಬೆಳಗಾದರೆ ಇವರೆಲ್ಲ ಒಂದೇ ಮೈದಾನದಲ್ಲಿ ಓಡಬೇಕು.

ಗೋವಾ ಇದಕ್ಕೆ ಹೋಲಿಸಿದರೆ ಪಕ್ಕದ ಮನೆ. ಮಡಗಾಂವ್ 70 ಕಿ.ಮೀ. ಆಚೆ, 2012ರಲ್ಲಿ ಫುಟ್‌ಬಾಲ್ ಅನ್ನು ರಾಜ್ಯ ಕ್ರೀಡೆಯೆಂದು ಘೋಷಿಸಿದ ನಾಡು. ಆದರೆ ನಡುವೆ ಗಡಿ ಇದೆ. ಕರ್ನಾಟಕದ ಬಾಡಿಗೆ ವಾಹನ ಗೋವಾದೊಳಗೆ ಹೋಗಲು ಅಖಿಲ ಭಾರತ ಟೂರಿಸ್ಟ್ ಪರ್ಮಿಟ್ ಅಥವಾ ತಾತ್ಕಾಲಿಕ ಪರ್ಮಿಟ್ ಬೇಕು. ಪರಿಚಯದವರ ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ತೆಗೆದುಕೊಂಡು ಹೋದವರು ಗೋವಾ ಗಡಿಯ ಪೋಳೆಯ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ದಂಡಕ್ಕಿಂತ ದೊಡ್ಡ ನಷ್ಟ ಸಮಯದ್ದು. ಬಹುಪಾಲು ಟೆಂಪೋ ಟ್ರಾವೆಲರ್ ಮಾಲೀಕರು ದಿನಕ್ಕೆ 250–300 ಕಿ.ಮೀ. ಕನಿಷ್ಠ ಬಾಡಿಗೆ ಹಿಡಿಯುತ್ತಾರೆ. 140 ಕಿ.ಮೀ. ಓಡಿದರೂ ಹಣ ಅಷ್ಟೇ. ಕೊಟ್ಟ ದುಡ್ಡು ವ್ಯರ್ಥವಾಗದಿರಲೆಂದು ಕ್ಲಬ್‌ಗಳು ಒಂದೇ ಪ್ರವಾಸದಲ್ಲಿ ಬೆಳಿಗ್ಗೆ ಒಂದು, ಸಂಜೆ ಒಂದು ಪಂದ್ಯ ಒಪ್ಪಿಕೊಳ್ಳುತ್ತವೆ. ಎರಡನೆಯ ಪಂದ್ಯದಲ್ಲಿ ಕಾಲು ಓಡುವುದಿಲ್ಲ, ಬಾಯಿ ಓಡುತ್ತದೆ.

ತಡವಾಗಿ ಬಂದ ತಂಡ ಒರಟಾಗಿ ಆಡುವುದೇಕೆ

ಶಿರಸಿಯ ತಂಡವೊಂದು ಕಾರವಾರದಲ್ಲಿ ಸಂಜೆ ನಾಲ್ಕಕ್ಕೆ ಆಡಬೇಕು ಎಂದಿಟ್ಟುಕೊಳ್ಳಿ. ಹನ್ನೊಂದಕ್ಕೆ ಹೊರಟರೆ ಎರಡೂವರೆಗೆ ತಲುಪಬಹುದು ಎಂಬ ಲೆಕ್ಕ. ಒಬ್ಬ ಆಟಗಾರನಿಗೆ ಅರ್ಧ ದಿನದ ಡ್ಯೂಟಿ, ಅವನಿಗಾಗಿ ಮುಕ್ಕಾಲು ಗಂಟೆ ಕಾದರು. ಹಸಿದ ಹುಡುಗರು ಹೊರಡುವಾಗ ಪೂರಿ–ಭಾಜಿ ತಿಂದರು. ಘಟ್ಟದ ತಿರುವಿನಲ್ಲಿ ಹಿಂದಿನ ಸೀಟಿನವರಿಗೆ ವಾಂತಿ, ಅಲ್ಲಿ ಎರಡು ಸಲ ಗಾಡಿ ನಿಂತಿತು. ಕುಮಟಾದಲ್ಲಿ ಊಟ. ಮೈದಾನ ಮುಟ್ಟಿದಾಗ 3.50.

ಪಂದ್ಯಕ್ಕೆ ಮುಕ್ಕಾಲು ಗಂಟೆ ಮುಂಚೆ ಕೊಡಬೇಕಾದ ಆಟಗಾರರ ಪಟ್ಟಿ ಇನ್ನೂ ಬರೆದಿಲ್ಲ. ಜೆರ್ಸಿಯ ಬಣ್ಣ ಎದುರಾಳಿಯದಕ್ಕೇ ಹೊಂದುತ್ತದೆ, ಎರಡನೇ ಸೆಟ್ ತಂದಿಲ್ಲ. ಒಬ್ಬನ ಶಿನ್ ಗಾರ್ಡ್ (ಮೊಣಕಾಲ ಕೆಳಗೆ ಕಟ್ಟುವ ರಕ್ಷೆ) ಮನೆಯಲ್ಲಿ ಉಳಿದಿದೆ, ಅದಿಲ್ಲದೆ ರೆಫರಿ ಒಳಗೆ ಬಿಡುವುದಿಲ್ಲ. ಇದೆಲ್ಲದರ ನಡುವೆ 20–25 ನಿಮಿಷದ ವಾರ್ಮ್‌ಅಪ್ ಐದು ನಿಮಿಷಕ್ಕೆ ಇಳಿಯುತ್ತದೆ. ಮೂರು ಗಂಟೆ ಮಡಚಿಕೊಂಡು ಕೂತ ತೊಡೆಯ ಹಿಂಭಾಗದ ಸ್ನಾಯು ಸಡಿಲಗೊಂಡಿರುವುದಿಲ್ಲ. ಮೊದಲ ಹತ್ತು ನಿಮಿಷ ಡಿಫೆಂಡರ್ ಒಂದು ಹೆಜ್ಜೆ ಹಿಂದೆ. ಚೆಂಡು ತಲುಪದ ಕಾಲು ಎದುರಾಳಿಯ ಕಣಕಾಲಿಗೆ ತಾಗುತ್ತದೆ. ಉದ್ದೇಶವಿಲ್ಲದ ಫೌಲ್ ಅದು. ಗ್ಯಾಲರಿಗೆ ಕಾಣುವುದು ಫೌಲ್ ಮಾತ್ರ.

ಇದರ ಮೇಲೆ ಹವೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಲ್ಲಿನ ತಂಪಿಗೆ ಒಗ್ಗಿದ ಮೈ ಮಾರ್ಚ್–ಏಪ್ರಿಲ್‌ನ ಕಾರವಾರದ ತೇವದ ಸೆಕೆಯಲ್ಲಿ ಬೆವರನ್ನು ಒಣಗಿಸಲಾರದು. ಬರಿ ನೀರು ಕುಡಿದು ಉಪ್ಪು ಮರೆತವರಿಗೆ ಎರಡನೇ ಅವಧಿಯಲ್ಲಿ ಕಾಲು ಹಿಡಿದುಕೊಳ್ಳುತ್ತದೆ. ನೆಲಕ್ಕೆ ಬಿದ್ದವನನ್ನು ಕಂಡು ‘ನಾಟಕ’ ಎಂಬ ಕೂಗು ಏಳುತ್ತದೆ. ಬೆಂಚಿನಲ್ಲಿ ಬದಲಿ ಆಟಗಾರರೂ ಇಬ್ಬರೇ, ಏಕೆಂದರೆ ಹದಿಮೂರೇ ಜನ ಬಂದಿದ್ದಾರೆ. ಶಿಫ್ಟ್ ಬಿಡಲಾಗದವರು ಊರಲ್ಲೇ ಉಳಿದಿದ್ದಾರೆ. ಕರಾವಳಿಯ ತಂಡವಾದರೆ ಬೋಟಿಗೆ ಹೋದವರೂ ತಪ್ಪುತ್ತಾರೆ. ಯಾಂತ್ರೀಕೃತ ಮೀನುಗಾರಿಕೆ ನಿಷೇಧ ಜುಲೈ 31ಕ್ಕೆ ಮುಗಿಯುವುದರಿಂದ ಫುಟ್‌ಬಾಲ್ ಋತು ಪೂರ್ತಿ ಮೀನುಗಾರಿಕೆಯ ಋತುವೇ. ಕರಾವಳಿಯ ತಂಡಗಳ ಈ ಕೊರತೆ ಆಟಗಾರರ ಉದಾಸೀನದಿಂದ ಬಂದದ್ದಲ್ಲ.

ಕೊನೆಗೆ ಒಂದು ತಳ್ಳಾಟ. ಯಾರದೋ ಮೊಬೈಲಿನಲ್ಲಿ ಹದಿನೈದು ಸೆಕೆಂಡಿನ ವಿಡಿಯೊ. ಘಟ್ಟದ ವಾಂತಿ, ತಪ್ಪಿದ ವಾರ್ಮ್‌ಅಪ್, ಗ್ಯಾಲರಿಯ ಬೈಗುಳ ಯಾವುದೂ ಅದರಲ್ಲಿರುವುದಿಲ್ಲ. ಆ ಕ್ಲಬ್ಬನ್ನು ಹಿಂದೆಂದೂ ನೋಡದವರಿಗೆ ಅದೇ ಮೊದಲ ಪರಿಚಯವಾಗುತ್ತದೆ.

ಪ್ರೇಕ್ಷಕರ ಕೂಗು ರೆಫರಿಯನ್ನೂ ಮುಟ್ಟುತ್ತದೆ ಎಂಬುದು ಬರಿಯ ದೂರಲ್ಲ. ಕೋವಿಡ್ ಸಮಯದಲ್ಲಿ ಯುರೋಪಿನ ಲೀಗ್‌ಗಳು ಖಾಲಿ ಕ್ರೀಡಾಂಗಣದಲ್ಲಿ ನಡೆದಾಗ ಅತಿಥಿ ತಂಡಗಳಿಗೆ ಬೀಳುತ್ತಿದ್ದ ಹಳದಿ ಕಾರ್ಡುಗಳು ತಗ್ಗಿದವು. ಬೇರೆ ಊರಿಗೆ ಹೋದ ತಂಡಕ್ಕೆ ‘ಒರಟರು’ ಎಂಬ ಹೆಸರು ಬರುವುದರಲ್ಲಿ ಅಲ್ಪಸ್ವಲ್ಪ ಪಾಲು ಗ್ಯಾಲರಿಯದೂ ಇದೆ.

ವಾಪಸ್ ಬರುವಾಗ

ಹೆಸರು ಕೆಡುವುದು ಹೆಚ್ಚಾಗಿ ಪಂದ್ಯ ಮುಗಿದ ಮೇಲೆ. ಗೋವಾದಿಂದ ಮರಳುವ ತಂಡದ ಗಾಡಿಯಲ್ಲಿ ಯಾರೋ ಇಬ್ಬರು ಅಗ್ಗದ ಬಾಟಲಿ ಇಟ್ಟುಕೊಂಡಿದ್ದರೆ ಮಾಜಾಳಿ ಚೆಕ್‌ಪೋಸ್ಟ್‌ನಲ್ಲಿ ಅಬಕಾರಿ ಸಿಬ್ಬಂದಿ ಹಿಡಿಯುತ್ತಾರೆ. ಕರ್ನಾಟಕ ಅಬಕಾರಿ ಕಾಯ್ದೆಯಡಿ ಮಾಲು ಮಾತ್ರವಲ್ಲ, ವಾಹನವೂ ಜಪ್ತಿಯಾಗಬಹುದು. ಸುದ್ದಿ ಬರುವುದು ಆ ಇಬ್ಬರ ಹೆಸರಲ್ಲಲ್ಲ, ಕ್ಲಬ್ಬಿನ ಹೆಸರಲ್ಲಿ. ಗಾಡಿ ಮಾಲೀಕ ಮತ್ತೆ ಬಾಡಿಗೆಗೆ ಕೊಡುವುದಿಲ್ಲ, ಮಾತು ಇತರ ಮಾಲೀಕರಿಗೂ ಹಬ್ಬುತ್ತದೆ. ಮುಂದಿನ ಸಲ ಗಾಡಿ ಸಿಗುವುದು ತಡ, ತಂಡ ಹೊರಡುವುದು ತಡ, ಮೈದಾನ ಮುಟ್ಟುವುದೂ ತಡ. ಹಾಗೆ ಕೆಟ್ಟ ಹೆಸರು ಮತ್ತೆ ಕೆಟ್ಟ ಪ್ರಯಾಣಕ್ಕೆ ಎಳೆಯುತ್ತದೆ.

ಇದನ್ನು ತಡೆಯುವುದು ಕಷ್ಟದ ಕೆಲಸವಲ್ಲ. ಗಾಡಿ ಹೊರಡುವ ಮುನ್ನ ಮ್ಯಾನೇಜರ್ ಎಲ್ಲರ ಎದುರಿಗೆ ಬ್ಯಾಗ್ ತೆಗೆಸಿ ನೋಡಬೇಕು, ಅಭಿಮಾನಿಗಳನ್ನು ತಂಡದ ಗಾಡಿಗೆ ಹತ್ತಿಸಬಾರದು. ಎರಡನೆಯದು ಹೇಳಿದಷ್ಟು ಸುಲಭವಲ್ಲ, ಏಕೆಂದರೆ ಖಾಲಿ ಸೀಟಿನ ದುಡ್ಡು ಕೊಡುವವರು ಅವರೇ.

ಎರಡು ವಾದ

ಪೈಪೋಟಿಯ ಪಂದ್ಯಗಳನ್ನೇ ತಪ್ಪಿಸಿ, ಡ್ರಾದಲ್ಲಿ ಬೇರೆ ಬೇರೆ ಗುಂಪಿಗೆ ಹಾಕಿ, ತಟಸ್ಥ ಮೈದಾನದಲ್ಲಿ ಆಡಿಸಿ, ಬೇಕಿದ್ದರೆ ಎದುರಾಳಿಯ ಬೆಂಬಲಿಗರನ್ನು ಹೊರಗಿಡಿ ಎಂಬುದು ಒಂದು ವಾದ. ಪೊಲೀಸ್ ಅನುಮತಿ ಪಡೆಯುವ ಸಂಘಟಕರಿಗೆ ಇದು ಹಿತವಾಗಿ ಕೇಳಿಸುತ್ತದೆ. 1980ರ ಆಗಸ್ಟ್ 16ರಂದು ಕೋಲ್ಕತ್ತಾದ ಈಡನ್ ಗಾರ್ಡನ್ಸ್‌ನಲ್ಲಿ ಡರ್ಬಿಯ ಗಲಭೆಯಲ್ಲಿ 16 ಮಂದಿ ಸತ್ತ ದೇಶದಲ್ಲಿ ಈ ಎಚ್ಚರವನ್ನು ಅತಿಯೆನ್ನಲಾಗದು.

ಆದರೆ ಬೆಂಬಲಿಗರನ್ನು ತಡೆದವರ ಅನುಭವವೂ ನಮ್ಮ ಮುಂದಿದೆ. 1985ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಲೂಟನ್‌ನಲ್ಲಿ ಎದುರಾಳಿ ಕ್ಲಬ್ ಮಿಲ್‌ವಾಲ್‌ನ ಬೆಂಬಲಿಗರು ದಾಂಧಲೆ ನಡೆಸಿದ ಬಳಿಕ ಲೂಟನ್ ಕ್ಲಬ್ ಅತಿಥಿ ಬೆಂಬಲಿಗರನ್ನೇ ನಿಷೇಧಿಸಿತು. ನಾಲ್ಕು ಋತು ಅದು ಜಾರಿಯಲ್ಲಿತ್ತು. ಫಲವಾಗಿ 1986–87ರ ಲೀಗ್ ಕಪ್‌ನಿಂದ ಲೂಟನ್ನನ್ನೇ ಹೊರಗಿಡಲಾಯಿತು. ಮಿಲ್‌ವಾಲ್‌ಗೆ ಅಂಟಿದ ಹೆಸರು ನಲವತ್ತು ವರ್ಷ ಕಳೆದರೂ ಹೋಗಿಲ್ಲ. ಅಂದರೆ ನಿಷೇಧ ಹಾಕಿದವರೂ ಸೋತರು, ತಪ್ಪು ಮಾಡಿದವರ ಹೆಸರೂ ತೊಳೆದುಹೋಗಲಿಲ್ಲ.

ಎದುರು ವಾದ ಆಟಗಾರರದ್ದು ಮತ್ತು ಅಂಗಡಿಯವರದ್ದು. ಡರ್ಬಿ ತೆಗೆದರೆ ಜನವಿಲ್ಲ, ಜನವಿಲ್ಲದಿದ್ದರೆ ಹಣವಿಲ್ಲ, ಹಣವಿಲ್ಲದೆ ಮುಂದಿನ ಪ್ರಯಾಣಕ್ಕೆ ಒಳ್ಳೆಯ ಗಾಡಿಯೂ ಇಲ್ಲ. ಈ ಮಾತಿನಲ್ಲಿ ಹೆಚ್ಚು ಹುರುಳಿದೆ. ಪೈಪೋಟಿ ಕಡಿಮೆ ಮಾಡುವುದಕ್ಕಿಂತ ಪ್ರಯಾಣ ಕಡಿಮೆ ಮಾಡುವುದು ಲಾಭ. ಇಂಗ್ಲೆಂಡ್ ಇದನ್ನು ಬಹಳ ಹಿಂದೆಯೇ ಕಂಡುಕೊಂಡಿತ್ತು. ಅಲ್ಲಿನ ಮೂರನೇ ಡಿವಿಷನ್ 1921ರಿಂದ 1958ರವರೆಗೆ ಉತ್ತರ, ದಕ್ಷಿಣ ಎಂದು ಎರಡು ಭಾಗವಾಗಿ ನಡೆಯಿತು. 2004ರಲ್ಲಿ ಅದಕ್ಕೂ ಕೆಳಗಿನ ಹಂತದಲ್ಲಿ ಮತ್ತೆ ಅದೇ ರೀತಿ ಉತ್ತರ, ದಕ್ಷಿಣ ಗುಂಪು ಮಾಡಿದರು. ಉತ್ತರ ಕನ್ನಡಕ್ಕೆ ಒಪ್ಪುವ ವಿಭಜನೆ ಎಂದರೆ ಕಡಲಂಚಿನ ಐದು ತಾಲ್ಲೂಕು ಒಂದು ಗುಂಪು, ಘಟ್ಟದ ಮೇಲಿನ ಏಳು ಇನ್ನೊಂದು. ಘಟ್ಟ ಇಳಿಯುವುದು ಸೆಮಿಫೈನಲ್‌ಗೆ ಮಾತ್ರ.

ಇದಕ್ಕೂ ಬೆಲೆ ತೆರಬೇಕು. ಹತ್ತಿರದ ತಂಡಗಳೇ ಒಂದು ಗುಂಪಿನಲ್ಲಿ ಸೇರಿದರೆ ಡರ್ಬಿಗಳ ಸಂಖ್ಯೆ ಹೆಚ್ಚುತ್ತದೆ. ಆಗ ಕರಾವಳಿಯ ಪಂದ್ಯಕ್ಕೆ ಘಟ್ಟದ ಮೇಲಿನ ರೆಫರಿ, ಅಲ್ಲಿಯದಕ್ಕೆ ಕರಾವಳಿಯ ರೆಫರಿ ಬೇಕು. ಹದಿನೆಂಟು ಆಟಗಾರರ ಬದಲು ಮೂವರು ರೆಫರಿಗಳು ಘಟ್ಟ ಹತ್ತಿ ಇಳಿಯುವುದು ಅಗ್ಗ. ಅವರಿಗೆ ಹಿಂದಿನ ರಾತ್ರಿಯೇ ಉಳಿಯಲು ಕೋಣೆ ಕೊಡುವುದು ಸಂಘಟಕರ ಹೊಣೆಯಾಗಬೇಕು.

ಮುಂದೇನಾಗಬಹುದು

ಈಗಿನಂತೆಯೇ ಸಾಗಿದರೆ ಮೊದಲು ನಿಲ್ಲುವುದು ಆಹ್ವಾನ. ಸಂಘಟಕರ ಬಳಿ ಬರೆದಿಟ್ಟ ಪಟ್ಟಿ ಇರುವುದಿಲ್ಲ, ನೆನಪಿರುತ್ತದೆ. ಮೈದಾನಕ್ಕೆ ಬಾರದೆ ವಾಕ್‌ಓವರ್ ಕೊಟ್ಟ ತಂಡವನ್ನು ಡ್ರಾದಲ್ಲಿ ಸೇರಿಸಿದರೆ ಒಂದು ಸಂಜೆ ಖಾಲಿ ಹೋಗುತ್ತದೆ ಎಂಬ ಭಯಕ್ಕೆ ಹೆಸರು ಬಿಡುತ್ತಾರೆ. ಬರಲಾಗದು ಎಂದು ಎರಡು ದಿನ ಮೊದಲೇ ಲಿಖಿತವಾಗಿ ತಿಳಿಸಿದ ತಂಡವನ್ನು ಹಾಗೆ ಬಿಡುವುದು ಅಪರೂಪ. 3–0 ಎರಡೂ ತಂಡಗಳಿಗೆ ಒಂದೇ, ಆದರೆ ಹೆಸರು ಕೆಡುವುದು ತಿಳಿಸದೆ ತಪ್ಪಿಸಿಕೊಂಡ ತಂಡದ್ದು.

ಆಹ್ವಾನ ಕಡಿಮೆಯಾದ ಕ್ಲಬ್ಬಿನಿಂದ ಆಡಬಲ್ಲ ಹುಡುಗರು ಕದಲುತ್ತಾರೆ. ಹದಿನೆಂಟು, ಇಪ್ಪತ್ತರ ವಯಸ್ಸಿನವನಿಗೆ ಒಂದು ಋತು ಪಂದ್ಯವಿಲ್ಲದೆ ಕಳೆಯುವುದು ದೊಡ್ಡ ನಷ್ಟ. ಕ್ಲಬ್ ಗೋವಾದ ಲೀಗ್‌ಗೆ ಹೋಗಲಾರದು, ಅದು ತನ್ನ ರಾಜ್ಯ ಸಂಸ್ಥೆಯಡಿಯೇ ಆಡಬೇಕು. ಆಟಗಾರ ವರ್ಗಾವಣೆ ಪಡೆದು ಹೋಗಬಲ್ಲ. ಹೋಗುವವರನ್ನು ಬೈದು ಪ್ರಯೋಜನವಿಲ್ಲ.

ಇವೆಲ್ಲಕ್ಕಿಂತ ಹೆಚ್ಚು ಪೆಟ್ಟು ಬೀಳುವುದು 13, 15 ವರ್ಷದೊಳಗಿನ ತಂಡಗಳಿಗೆ, ಹುಡುಗಿಯರ ತಂಡಗಳಿಗೆ. ಮಕ್ಕಳನ್ನು ಹೊರ ಊರಿನ ಪಂದ್ಯಕ್ಕೆ ಕಳಿಸುವಾಗ ಮನೆಯವರು ಕೇಳುವುದು ಯಾವ ಗಾಡಿ, ಜತೆಗೆ ಯಾರು, ಎಷ್ಟು ಹೊತ್ತಿಗೆ ವಾಪಸ್ ಎಂದು. ದೊಡ್ಡವರ ತಂಡದ ವಿಡಿಯೊ ನೋಡಿದ ತಾಯಿ ಆ ಕ್ಲಬ್ಬಿನ ಗಾಡಿಗೆ ಮಗಳನ್ನು ಹತ್ತಿಸುವುದಿಲ್ಲ. ಡ್ರೈವರ್ ಮತ್ತು ಮ್ಯಾನೇಜರ್ ನಂಬರು, ಹೊರಡುವ ಮತ್ತು ಮರಳುವ ಹೊತ್ತು, ಜತೆಗಿರುವ ಮಹಿಳೆಯ ಹೆಸರು ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಹಿಂದಿನ ದಿನವೇ ಪ್ರತಿ ಮನೆಗೆ ತಲುಪಿಸುವ ಕ್ಲಬ್‌ಗಳಿಗೆ ಮುಂದಿನ ಋತುವಿನಲ್ಲೂ ಮಕ್ಕಳು ಸಿಗುತ್ತಾರೆ.